ಪದಚರ್ಚೆ: ‘ಸಿದ್ಧತೆ’, ‘ಆದ್ಯತೆ’, ‘ಸಂರಚನೆ’ – ಲಿನಕ್ಸ್ ಗಣಕದಲ್ಲಿ ಇವುಗಳ ಗಡಿ ಎಲ್ಲಿ?

ಬಳಗದ ಎಲ್ಲರಿಗೂ ನಮಸ್ಕಾರ.

ಮನೆ ಮತ್ತು ಕಚೇರಿಗಳಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಆಜ್ಞೆಗಳನ್ನು ಬೆರಳಚ್ಚಿಸದೆ, ಕಿಟಕಿ ತೆರೆದು ಗುಂಡಿ ಒತ್ತಿ ಗಣಕವನ್ನು ಬೇಕಾದ ಹಾಗೆ ಮಾಡಿಕೊಳ್ಳಲು ನೆರವಾಗುವ ತಂತ್ರಾಂಶಗಳ ಅಧ್ಯಾಯಕ್ಕೆ ಬಂದು ಬರವಣಿಗೆ ನಿಂತಿದೆ. ಸೆಟ್ಟಿಂಗ್ಸ್, ಪ್ರಿಫರೆನ್ಸಸ್, ಕಾನ್ಫಿಗರೇಶನ್ ಎಂಬ ಮೂರಕ್ಕೆ ಗ್ನೋಮ್‌ನ (ಲಿನಕ್ಸ್‌ನಲ್ಲಿ ಕಿಟಕಿ, ಮೆನುಗಳನ್ನು ಒದಗಿಸುವ ಡೆಸ್ಕ್‌ಟಾಪ್ ತಂತ್ರಾಂಶದ) ಕನ್ನಡ ಅನುವಾದದಲ್ಲಿ ‘ಸಿದ್ಧತೆಗಳು’, ‘ಆದ್ಯತೆಗಳು’, ‘ಸಂರಚನೆ’ ಎಂಬ ಪದಗಳನ್ನು ಕಾಣುತ್ತೇವೆ. ನಾನೂ ಅವನ್ನೇ ಹಿಡಿದು ಹೊರಟಿದ್ದೆ.

ಮೊದಲ ಕರಡನ್ನು ಗ್ರಂಥಾಲಯವೊಂದರ ಸಹಾಯಕರಿಗೆ ಓದಲು ಕೊಟ್ಟಿದ್ದೆ. ‘ಮುದ್ರಿಸುವ ಮೊದಲು ಮುದ್ರಕದ ಸಿದ್ಧತೆಗಳನ್ನು ನೋಡಿಕೊಳ್ಳಿ’ ಎಂಬ ವಾಕ್ಯವನ್ನು ಓದಿದ ಅವರು ಎದ್ದು ಹೋಗಿ, ತಟ್ಟೆಗೆ ಹಾಳೆ ತುಂಬಿ, ಮುಚ್ಚಳ ತೆಗೆದು ಟೋನರ್ ನೋಡಿ, ‘ಎಲ್ಲ ಸಿದ್ಧವಾಗಿದೆ ಸರ್’ ಎಂದರು. ತಪ್ಪು ಅವರದಲ್ಲ. ಮದುವೆಯ ಸಿದ್ಧತೆ, ಪರೀಕ್ಷೆಯ ಸಿದ್ಧತೆ ಎನ್ನುವ ಭಾಷೆಯಲ್ಲಿ ಸಿದ್ಧತೆಯೆಂದರೆ ಕೆಲಸಕ್ಕೆ ಮುಂಚೆ ಮಾಡಿ ಮುಗಿಸುವ ಕೆಲಸವೇ ಹೊರತು, ಆಯ್ದು ಇಟ್ಟ, ಬೇಕೆಂದಾಗ ಬದಲಿಸಬಹುದಾದ ಒಂದು ಸ್ಥಿತಿಯಲ್ಲ.

‘ಆದ್ಯತೆ’ಯ ತೊಡಕು ಬೇರೆ ಬಗೆಯದು. ಗಣಕದಲ್ಲಿ ನಡೆಯುತ್ತಿರುವ ಕೆಲಸಗಳನ್ನು ತೋರಿಸುವ ತಂತ್ರಾಂಶದಲ್ಲಿ ಯಾವ ಕೆಲಸಕ್ಕೆ ಮೊದಲ ಪಾಳಿ ಎಂಬುದನ್ನು ಬದಲಿಸುವ ಅವಕಾಶವಿರುತ್ತದೆ. ಅದಕ್ಕೆ ಸಹಜವಾಗಿ ಒದಗುವ ಪದ ಆದ್ಯತೆಯೇ. ಅದೇ ತಂತ್ರಾಂಶದ ಮೆನುವಿನಲ್ಲಿ ಬಳಕೆದಾರನ ಇಷ್ಟಾನಿಷ್ಟಗಳಿಗೂ ‘ಆದ್ಯತೆಗಳು’ ಎಂದರೆ ಓದುಗನು ಯಾವುದನ್ನು ಒತ್ತಬೇಕು? ‘ಸಂರಚನೆ’ಯನ್ನು ಅಣುವಿನ ಸಂರಚನೆ, ವಾಕ್ಯ ಸಂರಚನೆ ಎಂದು ವಿಜ್ಞಾನಿಗಳೂ ವ್ಯಾಕರಣದವರೂ ಒಳಗಿನ ಕಟ್ಟಣೆಯ ಅರ್ಥದಲ್ಲಿ ಮೊದಲೇ ಎತ್ತಿಕೊಂಡಿದ್ದಾರೆ.

ಇಂಗ್ಲಿಷಿನಲ್ಲಾದರೂ ಇದು ನೆಲೆನಿಂತಿದೆಯೇ ಎಂದು ನೋಡಿದರೆ, ಇಲ್ಲ. ಲಿನಕ್ಸ್‌ನ ವಿತರಣೆಗಳಲ್ಲಿ (ಬೇರೆ ಬೇರೆ ತಂಡಗಳು ಹೊರತಂದ ರೂಪಗಳಲ್ಲಿ) ಒಂದಾದ ಸೂಸೆಯ ಯಾಸ್ಟ್ (‘ಯೆಟ್ ಅನದರ್ ಸೆಟಪ್ ಟೂಲ್’) ತನ್ನ ಹೆಸರಿನಲ್ಲಿ ‘ಸೆಟಪ್’ ಎನ್ನುತ್ತದೆ, ಇನ್ನೊಂದು ವಿತರಣೆ ಮ್ಯಾಂಡ್ರೇಕ್‌ನದು ‘ಕಂಟ್ರೋಲ್ ಸೆಂಟರ್’ ಆಗಿತ್ತು. ಗ್ನೋಮ್‌ನಂಥದೇ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇಯಲ್ಲಿ ಕೆಕಂಟ್ರೋಲ್ ಆಗಿದ್ದದ್ದು 2008ರಲ್ಲಿ ನಾಲ್ಕನೆಯ ಆವೃತ್ತಿ ಬಂದಾಗ ‘ಸಿಸ್ಟಮ್ ಸೆಟ್ಟಿಂಗ್ಸ್’ ಆಯಿತು. ಫೆಡೋರಾ ಎಂಬ ವಿತರಣೆಯ ಹಳೆಯ ಸಲಕರಣೆಗಳ ಹೆಸರುಗಳೆಲ್ಲ ‘ಸಿಸ್ಟಮ್ ಕಾನ್ಫಿಗ್’ ಎಂದು ಆರಂಭವಾಗುತ್ತಿದ್ದವು. ಗ್ನೋಮ್‌ನ ಮುಖ್ಯ ಕಿಟಕಿಯಲ್ಲಿ ಸಿಗದ ಸಣ್ಣಪುಟ್ಟ ಬದಲಾವಣೆಗಳಿಗೆ ‘ಟ್ವೀಕ್ಸ್’ ಎಂಬ ಬೇರೆಯದೇ ತಂತ್ರಾಂಶವಿದೆ. ಒಂದೇ ಬಗೆಯ ಕೆಲಸಕ್ಕೆ ಐದು ಹೆಸರುಗಳಿರುವಾಗ ಅವನ್ನು ಪದಕ್ಕೆ ಪದ ಅನುವಾದಿಸಿದ್ದರಿಂದಲೇ ನಮ್ಮಲ್ಲಿ ಈ ಗೊಂದಲ ಹುಟ್ಟಿತೆಂದು ನನ್ನ ಅನಿಸಿಕೆ.

ಹೆಸರುಗಳನ್ನು ಬದಿಗಿಟ್ಟು ಗಣಕದ ಒಳಗೆ ಏನಾಗುತ್ತದೆ ಎಂಬುದನ್ನು ನೋಡಿದರೆ ಒಂದು ಗಟ್ಟಿಯಾದ ಗಡಿ ಸಿಗುತ್ತದೆ. ಗ್ನೋಮ್‌ನಲ್ಲಿ ತೆರೆಯ ಹಿನ್ನೆಲೆಚಿತ್ರವನ್ನು ಬದಲಿಸಿದಾಗ ಗಣಕ ನಮ್ಮನ್ನು ಏನೂ ಕೇಳುವುದಿಲ್ಲ, ಏಕೆಂದರೆ ಆ ಬದಲಾವಣೆ ನಮ್ಮ ಸ್ವಂತ ಕಡತಕೋಶದಲ್ಲಿರುವ ಡಿಕಾನ್ಫ್ ಎಂಬ ದತ್ತಸಂಚಯದಲ್ಲಿ ಕೂರುತ್ತದೆ ಮತ್ತು ಅದೇ ಗಣಕವನ್ನು ಬಳಸುವ ಇನ್ನೊಬ್ಬರಿಗೆ ಅದರ ಸುಳಿವೂ ಹತ್ತುವುದಿಲ್ಲ. ಅದೇ ಕಿಟಕಿಯಲ್ಲಿ ಹೊಸ ಬಳಕೆದಾರರನ್ನು ಸೇರಿಸಲು ಹೋದರೆ ಮೊದಲು ಬೀಗ ತೆಗೆಯುವ ಗುಂಡಿಯನ್ನು ಒತ್ತಿ ಗುಪ್ತಪದ ಕೊಡಬೇಕಾಗುತ್ತದೆ. ಇಟಿಸಿ ಎಂಬ ಕಡತಕೋಶದಲ್ಲಿ ಇಡೀ ಗಣಕಕ್ಕೆ ಸೇರಿದ ಕಡತಗಳು ಆಗ ಬದಲಾಗುತ್ತವೆ. ಮೊದಲನೆಯದು ನನ್ನ ಕೋಣೆಯ ಗೋಡೆಗೆ ಬಣ್ಣ ಬಳಿದಂತೆ, ಎರಡನೆಯದು ಮನೆಯ ಮೇನ್ ಸ್ವಿಚ್ಚಿಗೆ ಕೈ ಹಾಕಿದಂತೆ. ಕನ್ನಡದ ಪದಗಳು ಈ ಅಂತರವನ್ನು ತೋರಿಸಬೇಕು ಎಂಬುದೇ ನನ್ನ ಕೋರಿಕೆ. ಸೆಟ್ಟಿಂಗ್ಸ್ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳಲು ನನ್ನ ಅಡ್ಡಿಯಿಲ್ಲ, ಮೊಬೈಲಿನಿಂದಾಗಿ ಅದು ಎಲ್ಲರ ಬಾಯಲ್ಲಿದೆ. ತನ್ನ ಮಟ್ಟಿಗಿನ ಬದಲಾವಣೆಗಳಿಗೆ ‘ನನ್ನ ಇಷ್ಟಗಳು’ ಎಂದರೂ ನಡೆದೀತು. ಕಷ್ಟವಿರುವುದು ಎಲ್ಲರನ್ನೂ ಮುಟ್ಟುವ ಕಾನ್ಫಿಗರೇಶನ್ನಿಗೆ.

ಅದಕ್ಕೆ ಹೆಸರುಪದಕ್ಕಿಂತ ಮೊದಲು ಒಳ್ಳೆಯ ಕ್ರಿಯಾಪದ ಬೇಕು. ‘ಹೊಂದಿಸು’ ಎಂಬುದು ಕಿವಿಗೆ ಹಿತವಾಗಿದೆ. ಆದರೆ ಡೆಬಿಯನ್ ಎಂಬ ವಿತರಣೆಯಲ್ಲಿ ರೀಕಾನ್ಫಿಗರ್ ಎಂಬ ಕ್ರಿಯೆಯೊಂದಿದೆ. ಅದನ್ನು ‘ಮರುಹೊಂದಿಸು’ ಎಂದ ಕೂಡಲೇ ಜಾಲತಾಣಗಳಲ್ಲಿ ‘ಪಾಸ್‌ವರ್ಡ್ ಮರುಹೊಂದಿಸಿ’ ಎಂದು ಓದಿ ಅಭ್ಯಾಸವಾದವರು ಅದನ್ನು ರೀಸೆಟ್ ಎಂದೇ ತಿಳಿಯುತ್ತಾರೆ. ಒಂದರಲ್ಲಿ ಪ್ರಶ್ನೆಗಳಿಗೆ ಮತ್ತೆ ಉತ್ತರಿಸಿ ತನಗೆ ಬೇಕಾದುದನ್ನು ಆಯ್ದುಕೊಳ್ಳುವುದು, ಇನ್ನೊಂದರಲ್ಲಿ ಆಯ್ದುದನ್ನೆಲ್ಲ ಅಳಿಸುವುದು. ‘ಏರ್ಪಡಿಸು’ ಎಂದರೆ ಮುದ್ರಕಕ್ಕೆ ಸಭೆ ಕರೆದಂತಾಗುತ್ತದೆ. ನನ್ನ ಒಲವು ಸದ್ಯಕ್ಕೆ ‘ಅಣಿಗೊಳಿಸು’ ಎಂಬುದರ ಕಡೆಗಿದೆ: ಅಣಿಗೊಳಿಸಿದ ಮುದ್ರಕ, ಇನ್ನೂ ಅಣಿಗೊಳಿಸದ ಜಾಲ, ಮತ್ತೆ ಅಣಿಗೊಳಿಸು. ಸಿದ್ಧತೆಯ ನೆರಳು ಇದರ ಮೇಲೂ ಸ್ವಲ್ಪ ಬೀಳುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಇಲ್ಲಿ ಅಣಿಗೊಳ್ಳುವುದು ಯಂತ್ರವೆಂಬುದು ಸ್ಪಷ್ಟ. (‘ಅಣಿ’ ಎಂದೊಡನೆ ಭೂತಕೋಲದಲ್ಲಿ ಬೆನ್ನಿಗೆ ಕಟ್ಟುವ ಅಣಿಯನ್ನು ನೆನೆಯುವ ಕರಾವಳಿಯ ಗೆಳೆಯರು ಮನ್ನಿಸಬೇಕು.) ಇದರ ಹೆಸರುಪದವೇ ನನಗೆ ಒಲಿಯುತ್ತಿಲ್ಲ. ‘ಅಣಿಗೊಳಿಕೆ’ ನಾಲಿಗೆಗೆ ತೊಡರುತ್ತದೆ.

ಇನ್ನೊಂದು ಸಣ್ಣ ಮಾತು. ‘ಸಾಧನ’ ಎಂಬುದನ್ನು ಟೂಲ್ ಮತ್ತು ಡಿವೈಸ್ ಎರಡಕ್ಕೂ ಬಳಸುತ್ತಿರುವುದರಿಂದ ನನ್ನ ಕರಡಿನಲ್ಲಿ ಒಂದೆಡೆ ‘ಸಾಧನ ಸಂರಚನಾ ಸಾಧನ’ ಎಂಬ ವಿಚಿತ್ರ ಜೀವಿ ಹುಟ್ಟಿಕೊಂಡಿತ್ತು. ಟೂಲ್‌ಗೆ ‘ಸಲಕರಣೆ’ ಎಂದು ಬದಲಿಸಿ ಅದನ್ನು ಕೊಂದಿದ್ದೇನೆ.

‘ಅಣಿಗೊಳಿಸು’ ಎಂಬುದಕ್ಕೆ ಹೊಂದುವ, ಮೆನುವಿನ ಒಂದು ಸಾಲಿನಲ್ಲಿ ಕೂರುವಷ್ಟು ಚಿಕ್ಕದಾದ ಹೆಸರುಪದ ತಮಗೆ ಹೊಳೆಯುತ್ತದೆಯೇ? ರೇಡಿಯೊ ಅಥವಾ ಹೊಲಿಗೆ ಯಂತ್ರ ರಿಪೇರಿ ಮಾಡುವವರು, ಮಗ್ಗ ಹೂಡುವವರು ತಮ್ಮ ಕೆಲಸದಲ್ಲಿ ಇದಕ್ಕೆ ಹತ್ತಿರದ ಮಾತನ್ನು ಆಡುವುದನ್ನು ಕೇಳಿದ್ದರೆ, ಯಾವ ಊರಿನ ಕಡೆ ಕೇಳಿದ್ದು ಎಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.