ಸಹಾಯ ಬೇಕು: ಇಂಗ್ಲಿಷಿನ ಈ ‘ಸಂಡ್ರಿ’ (sundry) ಅಂದ್ರೆ ನಿಜಕ್ಕೂ ಏನು?

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ದಿನಾ ‘ಸಂಡ್ರಿ ಡೆಟರ್ಸ್’ (ನಮಗೆ ಬಾಕಿ ಕೊಡಬೇಕಾದವರು), ‘ಸಂಡ್ರಿ ಕ್ರೆಡಿಟರ್ಸ್’ (ನಾವು ಬಾಕಿ ಕೊಡಬೇಕಾದವರು) ಕೆಳಗೇ ಲೆಡ್ಜರ್ ಅಂದ್ರೆ ಖಾತೆ ತೆರೆಯುತ್ತೇನೆ, ಆದರೆ ನಿನ್ನೆ ಮಗಳು ‘ಸಂಡ್ರಿ ಅಂದ್ರೇನಪ್ಪಾ, ಸಂಡಿಗೆನಾ?’ ಅಂತ ಕೇಳಿದಾಗ ಬಾಯಿ ಕಟ್ಟಿಹೋಯಿತು. ಡಿಕ್ಷನರಿಯಲ್ಲಿ ‘ಬಗೆಬಗೆಯ, ನಾನಾ’ ಅಂತಿದೆ. ಹಾಗಾದ್ರೆ ‘ವೇರಿಯಸ್’ ಇರುವ ಕಡೆಯೆಲ್ಲ ಇದನ್ನು ಹಾಕಬಹುದಾ? ನನಗೇನೋ ಅನುಮಾನ. ‘ಸಂಡ್ರಿ ಎಕ್ಸ್‌ಪೆನ್ಸಸ್’ ಅಂದರೆ ಆಟೋ, ಟೀ, ಜೆರಾಕ್ಸ್ ಥರದ ಚಿಲ್ಲರೆ ಖರ್ಚು, ಸರಿ. ಆದರೆ ಡೆಟರ್ಸ್‌ನಲ್ಲಿ ಲಕ್ಷಗಟ್ಟಲೆ ಬಾಕಿ ಇಟ್ಟವರೂ ಇದ್ದಾರೆ, ಅವರು ಚಿಲ್ಲರೆ ಹೇಗಾಗುತ್ತಾರೆ? ಆಸ್ಟ್ರೇಲಿಯಾದಲ್ಲಂತೂ ಕ್ರಿಕೆಟ್‌ನ ಎಕ್ಸ್‌ಟ್ರಾ ರನ್ನಿಗೂ ‘ಸಂಡ್ರೀಸ್’ ಅಂತಾರೆ! ಇನ್ನೊಂದು, ‘ಆಲ್ ಅಂಡ್ ಸಂಡ್ರಿ’ ಅಂದ್ರೆ ಸುಮ್ನೆ ‘ಎಲ್ಲರೂ’ ಅಂತನಾ, ಇಲ್ಲಾ ‘ಕಂಡಕಂಡವರೆಲ್ಲ’ ಅನ್ನುವ ತಾತ್ಸಾರವೂ ಇದೆಯಾ? ಆಫೀಸ್ ಮೇಲ್‌ನಲ್ಲಿ ಬರೆದುಬಿಟ್ಟರೆ ಕಷ್ಟ ಅಲ್ವಾ? ಗೊತ್ತಿರುವವರು ಒಂದೆರಡು ವಾಕ್ಯದ ಉದಾಹರಣೆ ಕೊಟ್ಟು ಹೇಳಿ.