ಕಾಲೇಜಿನ ಗುಂಪು ಥೆರಪಿಗೆ ಹೆಸರು ಕೊಡಲಾ? ಹೋಗಿ ಬಂದವರು ದಯವಿಟ್ಟು ಹೇಳಿ

ಪ್ರಶ್ನೆ: ಪುಣೆ, ಎಂ.ಎಸ್ಸಿ. ಮೊದಲ ವರ್ಷ, ಊರು ಇಂಡಿ ತಾಲೂಕು

ಪುಣೆಗೆ ಬಂದು ಏಳು ತಿಂಗಳಾಯಿತು. ಕಾಟ್ ಬೇಸಿಸ್ ರೂಮು, ಅಂದರೆ ಒಂದೊಂದು ಮಂಚಕ್ಕೆ ಬಾಡಿಗೆ, ನಾಲ್ಕು ಜನ ಇದ್ದೇವೆ. ಮೂರು ತಿಂಗಳಿಂದ ರಾತ್ರಿ ಎರಡು, ಮೂರು ಗಂಟೆವರೆಗೆ ನಿದ್ದೆ ಬರುತ್ತಿಲ್ಲ. ಮೆಸ್ಸಿನಲ್ಲಿ ಅರ್ಧ ಊಟ ಬಿಟ್ಟು ಏಳುತ್ತೇನೆ. ಲ್ಯಾಬಿನಲ್ಲಿ ಪಿಪೆಟ್ ಹಿಡಿದರೆ ಕೈ ನಡುಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಒಂದು ಪೇಪರ್ ಹೋಯಿತು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಎರಡು ಹಾಳೆ ಅಂಟಿಸಿದ್ದಾರೆ. ಒಂದು ಮಾನಸಿಕ ಆರೋಗ್ಯದ ಕ್ಲಾಸ್, ಆರು ಶನಿವಾರ. ಇನ್ನೊಂದು ಗುಂಪು ಥೆರಪಿ, ಹತ್ತು ವಾರ, ಎಂಟು ಜನಕ್ಕೆ ಮಾತ್ರ. ಎರಡಕ್ಕೂ ಏನು ವ್ಯತ್ಯಾಸ ಅಂತ ಗೊತ್ತಿಲ್ಲ. ನಾನು ಹೋಗಿದ್ದು ಡಿಪಾರ್ಟ್‌ಮೆಂಟಿಗೆ ತಿಳಿದರೆ ಏನು ಗತಿ ಅನ್ನುವ ಭಯ ಒಂದು. ಮಾತಿನದು ಇನ್ನೊಂದು. ಮರಾಠಿ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಕೆಮಿಸ್ಟ್ರಿ ಹೇಳಬಲ್ಲೆ, ಮನಸ್ಸಿನ ಮಾತು ಹೇಳಲಾರೆ. ಶುಕ್ರವಾರ ಕೊನೆಯ ದಿನ.

ಪುಣೆ, ಈಗ ಕೆಲಸದಲ್ಲಿದ್ದೇನೆ, ಊರು ಧಾರವಾಡ

ತಮ್ಮಾ, ನಾನು ಇಲ್ಲೇ ಎಂ.ಎ. ಮಾಡುವಾಗ ಇಂಥದೇ ಒಂದು ಗುಂಪಿಗೆ ಹೋಗಿದ್ದೆ. ಏಳು ಜನ ಇದ್ದೆವು, ವಾರಕ್ಕೊಮ್ಮೆ ಒಂದೂವರೆ ಗಂಟೆ. ನೆನಪಿದ್ದದ್ದನ್ನೆಲ್ಲ ಹೇಳುತ್ತೇನೆ.

ಮೊದಲ ದಿನ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಮೇಜಿಲ್ಲ. ಕೈ ಎಲ್ಲಿಡಬೇಕು ಅನ್ನುವುದೇ ತಿಳಿಯಲಿಲ್ಲ, ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮೇಡಂ ನಿಯಮ ಹೇಳಿದರು. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಮಾತಾಡಲು ಮನಸ್ಸಿಲ್ಲದಿದ್ದರೆ ‘ಈಗ ಬೇಡ’ ಅನ್ನಬಹುದು. ಬಿಟ್ಟು ಹೋಗುವುದಾದರೆ ಒಂದು ಸಲ ಬಂದು ಹೇಳಿ ಹೋಗಬೇಕು. ಆಮೇಲೆ ಅವರೂ ಸುಮ್ಮನಾದರು. ಆ ಮೌನ ಎಷ್ಟು ಹೊತ್ತು ಇತ್ತೋ, ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಇದಕ್ಕಾ ನಾನು ಎರಡು ಬಸ್ ಬದಲಿಸಿ ಬಂದೆ ಅನ್ನಿಸಿತು.

ಆಗ ಲಾತೂರಿನ ಒಬ್ಬ ಹುಡುಗ, ತಾನು ಎರಡು ಪೇಪರ್ ಫೇಲಾಗಿ ಮನೆಯಲ್ಲಿ ಪಾಸ್ ಎಂದು ಹೇಳಿದ್ದೇನೆ ಅಂದ. ಅಷ್ಟೇ ಅಂದದ್ದು. ನನ್ನ ಪಕ್ಕದ ಹುಡುಗಿ ತಲೆ ಎತ್ತಿ ಅವನನ್ನು ನೋಡಿದಳು, ‘ನಾನೂ’ ಅಂದಳು. ನನ್ನದು ಬೇರೆ ವಿಷಯವಾಗಿತ್ತು. ಆದರೂ ಆ ‘ನಾನೂ’ ಕೇಳಿ ನನ್ನ ಎದೆಯೂ ಹಗುರಾಯಿತು. ಅದುವರೆಗೆ ಈ ಊರಿನಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬಳೇ ಕೆಟ್ಟಿದ್ದೇನೆ ಅಂದುಕೊಂಡಿದ್ದೆ.

ಈಗ ನಿನ್ನ ಮಾತಿನ ಚಿಂತೆಗೆ ಬರುತ್ತೇನೆ. ಇದನ್ನು ಹೇಳಲೆಂದೇ ಬರೆಯಲು ಕೂತೆ. ನನ್ನ ಅಜ್ಜಿ ತೀರಿಕೊಂಡಾಗ ನನಗೆ ಪರೀಕ್ಷೆ ಇತ್ತು, ಮಣ್ಣಿಗೆ ಹೋಗಲಾಗಲಿಲ್ಲ. ಅದು ಒಳಗೇ ಉಳಿದುಬಿಟ್ಟಿತ್ತು. ನಾಲ್ಕನೇ ವಾರ ಅದನ್ನು ಹಿಂದಿಯಲ್ಲಿ ಹೇಳಲು ಹೋದೆ. ಎಲ್ಲ ಸರಿಯಾಗಿ ಹೇಳಿದೆ, ಆದರೆ ವರದಿ ಓದಿದ ಹಾಗೆ ಬಂತು. ಕಣ್ಣೀರೂ ಬರಲಿಲ್ಲ. ಮೇಡಂ ತಡೆದು, ‘ಮೊದಲು ನಿಮ್ಮ ಭಾಷೆಯಲ್ಲೇ ಹೇಳಿ, ನಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ’ ಅಂದರು. ಯಾರಿಗೂ ಕನ್ನಡ ಬಾರದ ಆ ರೂಮಿನಲ್ಲಿ ನಾನು ಕನ್ನಡದಲ್ಲಿ ಹೇಳಿದೆ. ಅಜ್ಜಿ ರೊಟ್ಟಿ ಬಡಿಯುವಾಗ ಬಳೆ ಸದ್ದಾಗುತ್ತಿದ್ದದ್ದು, ಫೋನಿನಲ್ಲಿ ಕೊನೆಗೆ ಕೇಳಿದ್ದು ‘ಯಾವಾಗ ಬರ್ತಿ?’ ಅಂತ. ‘ಅದೊಂದು ಹಳಹಳಿ ಉಳಿದುಬಿಟ್ಟಿದೆ’ ಅಂದೆ. ಆಮೇಲೆ ಹಿಂದಿಗೆ ತರಲು ಹೋದರೆ ಹಳಹಳಿಗೆ ಪದ ಸಿಗಲಿಲ್ಲ. ಆಗ ಲಾತೂರಿನವನು ಮೆಲ್ಲಗೆ, ‘ಹಳಹಳ. ಮರಾಠಿಯಲ್ಲೂ ಅದೇ’ ಅಂದ. ಅವತ್ತು ನಾನು ಅತ್ತಷ್ಟು ಪುಣೆಯಲ್ಲಿ ಮತ್ತೆಂದೂ ಅತ್ತಿಲ್ಲ. ರಾತ್ರಿ ನಿದ್ದೆ ಬಂತು.

ಹಾಗಾಗಿ ಭಾಷೆಗೆ ಹೆದರಬೇಡ. ಮೊದಲೇ ಕೇಳಿಕೊ, ‘ಮಧ್ಯೆ ನನ್ನ ಭಾಷೆಯಲ್ಲಿ ಮಾತಾಡಲಾ?’ ಅಂತ. ಒಳ್ಳೆಯವರಾದರೆ ಹೂಂ ಅನ್ನುತ್ತಾರೆ.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಲಾರೆ. ಎರಡನೇ, ಮೂರನೇ ವಾರ ಬಿಟ್ಟುಬಿಡೋಣ ಅನ್ನಿಸಿತ್ತು. ಒಬ್ಬರು ಪ್ರತಿ ಸಲ ಅರ್ಧ ಗಂಟೆ ತಮ್ಮದೇ ಹೇಳುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ಅಲ್ಲೇ ಹೇಳಲು ಕಲಿತದ್ದು ಆರನೇ ವಾರ. ಮನೆಯಲ್ಲಿ ಎಂದೂ ಯಾರಿಗೂ ಎದುರು ಹೇಳದವಳು ನಾನು. ಕನಿಷ್ಠ ನಾಲ್ಕು ವಾರ ಹೋಗು. ಆಮೇಲೆ ಬೇಡ ಅನ್ನಿಸಿದರೆ ಹೇಳಿ ಬಿಡು.

ಪುಣೆ, ಕೌನ್ಸೆಲಿಂಗ್ ಕೆಲಸ, ಹನ್ನೊಂದು ವರ್ಷ

ನಮ್ಮಲ್ಲಿ ಎರಡನ್ನೂ ‘ಸೆಷನ್’ ಅಂದೇ ಕರೆಯುತ್ತಾರೆ, ಅದಕ್ಕೇ ಗೊಂದಲ. ಕ್ಲಾಸಿನಲ್ಲಿ ಕಲಿಸುತ್ತಾರೆ: ನಿದ್ದೆ, ಉಸಿರಾಟ, ತಲೆಗೆ ಬರುವ ಯೋಚನೆಯನ್ನು ಬರೆದು ಅದು ನಿಜವೇ ಎಂದು ಪರೀಕ್ಷಿಸುವುದು. ನಲವತ್ತು ಜನ ಕೂತರೂ ನಡೆಯುತ್ತದೆ, ನಿಮ್ಮ ಕಥೆ ಹೇಳಬೇಕಿಲ್ಲ. ಗುಂಪು ಥೆರಪಿಯಲ್ಲಿ ಕೂತವರೇ ಔಷಧಿ. ಅದಕ್ಕೇ ಎಂಟು ಜನರಿಗಿಂತ ಜಾಸ್ತಿ ಸೇರಿಸದಿರುವುದು.

ಇದು ಹೊಸತೂ ಅಲ್ಲ. 1905ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ಪಾಠ ಹೇಳುತ್ತಿದ್ದರು. ಊಟ, ವಿಶ್ರಾಂತಿ, ಗಾಳಿ ಬೆಳಕಿನ ಪಾಠ. ಆದರೆ ಒಬ್ಬರನ್ನೊಬ್ಬರು ನೋಡಿಯೇ ಅವರಿಗೆ ಧೈರ್ಯ ಬರುತ್ತಿದ್ದದ್ದು ವೈದ್ಯರ ಗಮನಕ್ಕೆ ಬಂತು. ಈ ವಿಷಯದಲ್ಲಿ ಬಹಳ ಕೆಲಸ ಮಾಡಿದ ಇರ್ವಿನ್ ಯಾಲೊಮ್ ಅವರು ಗುಂಪು ಹೇಗೆ ಗುಣ ಕೊಡುತ್ತದೆ ಎಂಬುದಕ್ಕೆ 11 ಅಂಶ ಹೇಳುತ್ತಾರೆ. ‘ನನಗೊಬ್ಬನಿಗೇ ಹೀಗಲ್ಲ’ ಎಂದು ತಿಳಿಯುವುದು ಅದರಲ್ಲೊಂದು. ಮೇಲೆ ಧಾರವಾಡದವರು ಬರೆದ ಆ ‘ನಾನೂ’ ಅದೇ.

ನೀವು ಬರೆದದ್ದನ್ನು ಓದಿದರೆ ಎರಡೂ ಉಪಯೋಗವಾಗುತ್ತದೆ ಅನ್ನಿಸುತ್ತದೆ. ಆದರೆ ಅದಕ್ಕೂ ಮೊದಲು ಒಮ್ಮೆ ಡಾಕ್ಟರನ್ನು ನೋಡಿ. ಮೂರು ತಿಂಗಳು ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕೈ ನಡುಕ ಅಂದರೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸುವುದು ಒಳ್ಳೆಯದು. ಮನಸ್ಸಿನದು ಅಂದುಕೊಂಡದ್ದು ಕೆಲವೊಮ್ಮೆ ಥೈರಾಯ್ಡಿನದಾಗಿರುತ್ತದೆ.

ಗುಂಪು ಶುರುವಾಗುವ ಮೊದಲು ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರಾ ಅಂತ ಕೇಳಿ. ಕರೆಯದೆ ನೇರ ಕೂರಿಸಿದರೆ ನನಗೆ ಅಷ್ಟು ಸಮಾಧಾನವಿಲ್ಲ. ನಡೆಸುವವರು ಏನು ಓದಿದ್ದಾರೆ ಎಂದೂ ಕೇಳಿ, ಸಂಕೋಚ ಬೇಡ. ಮಧ್ಯದಲ್ಲಿ ಹೊಸಬರನ್ನು ಸೇರಿಸುತ್ತಾರಾ? ನಿಮ್ಮ ಕ್ಲಾಸಿನವರೇ, ರೂಮಿನವರೇ ಅದೇ ಗುಂಪಿಗೆ ಬಂದರೆ ಏನು ಮಾಡುತ್ತಾರೆ? ಇದು ಮುಖ್ಯ.

ಕೊನೆಯದಾಗಿ ನೇರವಾಗಿಯೇ ಕೇಳುತ್ತೇನೆ. ಸಾಯಬೇಕು, ಇರಬಾರದು ಅನ್ನುವ ಯೋಚನೆ ಬರುತ್ತಿದೆಯಾ? ಬರುತ್ತಿದ್ದರೆ ಗುಂಪು ಶುರುವಾಗಲಿ ಎಂದು ಕಾಯಬೇಡಿ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಇಲ್ಲಿ ಓದುತ್ತಿರುವ ಬೇರೆಯವರಿಗೂ ಈ ಮಾತು.

ಮುಂಬೈ, ಕಲೀನಾ ಹತ್ತಿರ ಓದುತ್ತಿದ್ದೆ

ನನ್ನದು ಕಹಿ ಅನುಭವ, ಆದರೂ ಹೇಳಬೇಕು. ನಾನು ಓದಿದ ಕಾಲೇಜಿನ ಕೌನ್ಸೆಲರ್ ಹತ್ತಿರ ಎರಡು ಸಲ ಹೋಗಿದ್ದೆ. ಮೂರನೇ ವಾರ ವಿಭಾಗದ ಮುಖ್ಯಸ್ಥರು ಎಲ್ಲರ ಮುಂದೆ ‘ಈಗ ಮನಸ್ಸು ಹೇಗಿದೆ?’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿರಬಹುದು. ನನಗೆ ನೆಲ ಬಿರಿದ ಹಾಗಾಯಿತು. ಒಂದು ವರ್ಷ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಆಮೇಲೆ ತಿಳಿದದ್ದು: 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆಯ ವಿಷಯ ಗುಟ್ಟಾಗಿ ಇರಬೇಕಾದ್ದು ನಮ್ಮ ಹಕ್ಕು ಎನ್ನುತ್ತದೆ. ಜೀವಕ್ಕೆ ಅಪಾಯವಿದ್ದಾಗ ಹೇಳಬಹುದು, ಅಂಥ ಕೆಲವು ವಿನಾಯಿತಿ ಇವೆ. ಕಾಯ್ದೆ ಇದೆ ಅಂತ ಬಾಯಿ ಮುಚ್ಚಿಕೊಂಡಿರುತ್ತಾರೆ ಅಂತ ನಂಬಬೇಡ. ಹೆಸರು ಕೊಡುವಾಗಲೇ ಮೂರು ಮಾತು ಕೇಳು: ಹಾಜರಿ ಪುಸ್ತಕ ಯಾರ ಹತ್ತಿರ ಇರುತ್ತದೆ, ಫೈಲ್ ಎಲ್ಲಿಡುತ್ತೀರಿ, ಯಾವಾಗ ಮನೆಗೆ ಅಥವಾ ಕಾಲೇಜಿಗೆ ತಿಳಿಸುತ್ತೀರಿ. ಉತ್ತರ ತೊದಲಿದರೆ ಹೊರಗೆ ನೋಡು.

ನಾನು ಕೊನೆಗೆ ಐ-ಕಾಲ್ ಎಂಬ ಕೌನ್ಸೆಲಿಂಗ್ ಸಹಾಯವಾಣಿಗೆ ಫೋನ್ ಮಾಡಿದೆ. ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರದು, 2012ರಿಂದ ನಡೆಯುತ್ತಿದೆ. ಮುಖ ಕಾಣುವುದಿಲ್ಲ ಅನ್ನುವುದೇ ಆಗ ನನಗೆ ದೊಡ್ಡ ಸಮಾಧಾನವಾಗಿತ್ತು. ನಂಬಿಕೆ ತಿರುಗಿ ಬರಲು ಅದೇ ಮೊದಲ ಮೆಟ್ಟಿಲಾಯಿತು.

ಗೋವಾ, ವಾಸ್ಕೋ

ನಾನು ಗುಂಪಿಗೆ ಹೋಗಿಲ್ಲ, ಕ್ಲಾಸಿಗೆ ಮಾತ್ರ. ಹಾಜರಿ ಕಡ್ಡಾಯವಾಗಿತ್ತು. ಮೊದಲೆರಡು ಕ್ಲಾಸ್ ಬರೀ ಸ್ಲೈಡ್, ‘ಪಾಸಿಟಿವ್ ಆಗಿರಿ’ ಅನ್ನುವ ಮಾತು. ಏನೂ ಸಿಗಲಿಲ್ಲ. ಮೂರನೆಯದರಲ್ಲಿ ಬೇರೆ ಮೇಡಂ ಬಂದರು. ಅವರು ಹೇಳಿದ್ದು ಇಷ್ಟೇ: ಮನಸ್ಸು ಬಂದಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯಬೇಡಿ, ಸಣ್ಣ ಕೆಲಸ ಮೊದಲು ಮಾಡಿ, ಮನಸ್ಸು ಹಿಂದೆ ಬರುತ್ತದೆ. ನಮ್ಮ ಗೋವಾದಲ್ಲೇ ಸಂಗಾತ್ ಸಂಸ್ಥೆ ಇದೇ ದಾರಿ ಹಿಡಿದು ಕೆಲಸ ಮಾಡಿದೆ ಎಂದರು. ಡಾಕ್ಟರುಗಳಲ್ಲ, ತರಬೇತಿ ಪಡೆದ ಸ್ಥಳೀಯರೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಿದ್ದು. ಜನ ಸುಧಾರಿಸಿದ್ದು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ನಾನು ಆರಿಸಿಕೊಂಡ ಸಣ್ಣ ಕೆಲಸ: ಬೆಳಿಗ್ಗೆ ಆರೂವರೆಗೆ ಏಳುವುದು, ಬೈನಾ ಕಡಲ ಹತ್ತಿರ ಹದಿನೈದು ನಿಮಿಷ ನಡೆಯುವುದು. ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಅದೇ. ಸಂಜೆ ಐದರ ಮೇಲೆ ಚಹಾ ಬಿಟ್ಟೆ. ನಿದ್ದೆ ಬರದಿದ್ದರೆ ಹಾಸಿಗೆಯಲ್ಲೇ ಹೊರಳುವುದು ಬೇಡ, ಎದ್ದು ಮಂದ ಬೆಳಕಿನಲ್ಲಿ ಕೂರು ಅಂದಿದ್ದರು. ಮೂರು ವಾರ ಹಿಡಿಯಿತು. ನಿನ್ನದು ನಾಲ್ಕು ಜನರ ರೂಮು ಅಲ್ವಾ, ದೀಪದ ಬಗ್ಗೆ ರೂಮಿನವರ ಹತ್ತಿರ ಮಾತಾಡಬೇಕಾಗುತ್ತದೆ.

ಡೊಂಬಿವಲಿ, ಇಬ್ಬರು ಮಕ್ಕಳ ತಂದೆ

ಮಗನೇ, ಒಂದು ಪೇಪರಿನ ಮಾತು ಮನೆಯಲ್ಲಿ ಹೇಳಿಬಿಡು. ನನ್ನ ಮಗಳು ಎಂಟು ತಿಂಗಳು ಮುಚ್ಚಿಟ್ಟಿದ್ದಳು. ಗೊತ್ತಾದಾಗ ನನಗೆ ಫೇಲಾದದ್ದು ನೋವಾಗಲಿಲ್ಲ, ಎಂಟು ತಿಂಗಳು ಅವಳು ಒಬ್ಬಳೇ ಅದನ್ನು ಹೊತ್ತಳಲ್ಲ ಅನ್ನುವುದು ನೋವಾಯಿತು. ಅಪ್ಪನಿಗೆ ಹೇಳುವುದು ಕಷ್ಟವಾದರೆ ಅಕ್ಕನಿಗೋ ಸೋದರಮಾವನಿಗೋ ಮೊದಲು ಹೇಳು.

ಪ್ರಶ್ನೆ ಕೇಳಿದವನು, ಹದಿನೇಳು ದಿನದ ನಂತರ

ಎಲ್ಲರಿಗೂ ನಮಸ್ಕಾರ. ಪುಣೆಯ ಕೌನ್ಸೆಲರ್ ಸರ್ ಕೇಳಿದ್ದಕ್ಕೆ ಮೊದಲು ಉತ್ತರ: ಇಲ್ಲ ಸರ್, ಅಂಥ ಯೋಚನೆ ಇಲ್ಲ. ಆದರೆ ನಂಬರ್ ಬರೆದಿಟ್ಟುಕೊಂಡಿದ್ದೇನೆ. ರಕ್ತ ಪರೀಕ್ಷೆ ಆಯಿತು. ಥೈರಾಯ್ಡ್ ಸರಿ ಇದೆ, ಬಿ12 ಕಡಿಮೆ ಇದೆ, ಗುಳಿಗೆ ಕೊಟ್ಟಿದ್ದಾರೆ.

ಗುರುವಾರ ಹೆಸರು ಕೊಡಲು ಹೋದಾಗ ಮುಂಬೈಯವರು ಹೇಳಿದ ಮೂರೂ ಮಾತು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮೇಡಂ ಚೀಟಿ ನೋಡಿ, ತಾವೇ ಒಂದೊಂದಕ್ಕೂ ಉತ್ತರ ಹೇಳಿದರು. ಹಾಜರಿ ಅವರ ಹತ್ತಿರವೇ ಇರುತ್ತದೆ, ಡಿಪಾರ್ಟ್‌ಮೆಂಟಿಗೆ ಹೋಗುವುದಿಲ್ಲ. ಒಬ್ಬೊಬ್ಬರನ್ನೇ ಕರೆದು ಮುಕ್ಕಾಲು ಗಂಟೆ ಮಾತಾಡಿಸಿದರು.

ಎರಡು ವಾರ ಆಯಿತು. ಮೊದಲ ವಾರ ನಾನು ಹೆಸರು, ಊರು ಬಿಟ್ಟು ಬೇರೇನೂ ಹೇಳಲಿಲ್ಲ. ನಿನ್ನೆ ‘ಈಗ ಬೇಡ’ ಅಂದೆ, ಅದೂ ಕನ್ನಡದಲ್ಲಿ ಬಾಯಿಗೆ ಬಂದುಬಿಟ್ಟಿತು. ಎದುರಿನ ಕುರ್ಚಿಯ ಹುಡುಗಿ ‘ನೀವು ಕನ್ನಡದವರಾ?’ ಅಂದಳು. ನಿಪ್ಪಾಣಿಯವಳಂತೆ.

ಮನೆಗೆ ಇನ್ನೂ ಹೇಳಿಲ್ಲ. ಭಾನುವಾರ ಅಕ್ಕನಿಗೆ ಫೋನ್ ಮಾಡುತ್ತೇನೆ. ಧಾರವಾಡದ ಅಕ್ಕಾ, ಒಂದು ಕೇಳಬೇಕಿತ್ತು. ನೀವು ಮೊದಲ ಸಲ ಮಾತಾಡಿದಾಗ ಎಲ್ಲಿಂದ ಶುರು ಮಾಡಿದಿರಿ?