ಎಲೆಕ್ಟ್ರಾನಿಕ್ ಮ್ಯೂಸಿಕ್ ಹಾಕಿದ್ರೆ ಆಡಿಯೋಫೈಲ್ ಅಂಕಲ್‌ಗಳು ಯಾಕೆ ಮುಖ ಸಿಂಡರಿಸ್ತಾರೆ?

ಹನುಮಂತನಗರ_ಹುಡ್ಗ:

ಎಲ್ರಿಗೂ ನಮಸ್ಕಾರ, ಇದು ಸ್ವಲ್ಪ ಪ್ರಶ್ನೆ, ಸ್ವಲ್ಪ ಹೊಟ್ಟೆಉರಿ, ಉದ್ದ ಆದ್ರೆ ಬೈಬೇಡಿ.

ನಮ್ಮ ಸೋದರಮಾವ ಜಯನಗರದಲ್ಲಿದ್ದಾರೆ. ರಿಟೈರಾದಾಗ ಬಂದ ದುಡ್ಡಲ್ಲಿ ಅತ್ತೆ ಕೈಲಿ ಚೆನ್ನಾಗಿ ಬೈಸ್ಕೊಂಡು ವಾಲ್ವ್ ಆಂಪು (ಹಳೇ ರೇಡಿಯೋ ಥರ ಗಾಜಿನ ವಾಲ್ವ್ ಇರೋ ಆಂಪ್ಲಿಫೈಯರು), ಟರ್ನ್‌ಟೇಬಲ್ಲು, ನನ್ನ ಎದೆಮಟ್ಟ ಬರೋ ಸ್ಪೀಕರು ಎಲ್ಲಾ ಮಾಡ್ಕೊಂಡಿದ್ದಾರೆ. ಭಾನುವಾರ ಬೆಳಗ್ಗೆ ಅವ್ರ ಥರದ ಆಡಿಯೋಫೈಲ್‌ಗಳೇ, ಅಂದ್ರೆ ಸದ್ದಿನ ಗುಣಮಟ್ಟದ ಹುಚ್ಚಿರೋರೇ, ನಾಲ್ಕೈದು ಜನ ಸೇರ್ತಾರೆ, ಕಾಫಿ ಕೋಡುಬಳೆ ಆಗತ್ತೆ, ಆಮೇಲೆ ಯಾರೂ ಮಾತಾಡಂಗಿಲ್ಲ, ಏಪ್ರಿಲ್ ಸೆಖೇಲೂ ಫ್ಯಾನ್ ಹಾಕಂಗಿಲ್ಲ, ಕೋಡುಬಳೆ ಕಡಿಯೋದೂ ಮೆಲ್ಲಗೆ. ಸುತ್ತಿನ ಪ್ರಕಾರ ಒಬ್ಬೊಬ್ರು ಒಂದೊಂದು ಪೀಸ್ ಹಾಕ್ಬೇಕು. ಹೋದ ವಾರ ನನ್ನ ಸರದಿ ಬಂತು, ನಾನು ಕ್ರಾಫ್ಟ್‌ವರ್ಕ್ ಅನ್ನೋ ಎಲೆಕ್ಟ್ರಾನಿಕ್ ಬ್ಯಾಂಡಿಂದು ಹಾಕ್ದೆ. ಜರ್ಮನಿಯ ಡ್ಯುಸೆಲ್‌ಡಾರ್ಫ್‌ನೋರು, 70ರ ದಶಕದಿಂದ ಮಾಡ್ತಿರೋದು, ಅಂದ್ರೆ ಈ ಅಂಕಲ್‌ಗಳು ಕಾಲೇಜಲ್ಲಿದ್ದ ಕಾಲದ್ದೇ, ನಾನೇನೂ ನಿನ್ನೆ ಮೊನ್ನೆ ಪಬ್ಬಲ್ಲಿ ಹಾಕಿದ್ದು ತಂದಿರ್ಲಿಲ್ಲ.

ಅರ್ಧ ನಿಮಿಷ ಆಗಿಲ್ಲ, ಒಬ್ಬ ಅಂಕಲ್ 'ಇದಕ್ಕೆ ಇಷ್ಟು ದೊಡ್ಡ ಸಿಸ್ಟಮ್ ಯಾಕಪ್ಪಾ, ಟೆಂಪೋ ಟ್ರಾವೆಲರಲ್ಲಿ ಹಾಕ್ಕೊಂಡು ಧರ್ಮಸ್ಥಳಕ್ಕೆ ಹೋಗು' ಅಂದ್ರು. ಎಲ್ರೂ ನಕ್ರು. ಅದನ್ನ ಬಿಡಿ, ನಗ್ಲಿ. ಆದ್ರೆ ಮಾವ ಕೇಳಿದ್ದಕ್ಕೆ ನನ್ ಹತ್ರ ಉತ್ತರ ಇರ್ಲಿಲ್ಲ. 'ಇದ್ರಲ್ಲಿ ನಿಜವಾದ ವಾದ್ಯನೇ ಇಲ್ವಲ್ಲೋ, ಹಾಗಿದ್ಮೇಲೆ ಸ್ಪೀಕರು ಸರಿಯಾಗಿ ನುಡೀತಿದೆಯೋ ಇಲ್ವೋ ಅಂತ ಯಾವುದಕ್ಕೆ ಹೋಲಿಸಿ ಹೇಳ್ತೀಯ?'

ಬೇಜಾರಾಗಿದ್ದು ಯಾಕಂದ್ರೆ ಅವತ್ತು ಅವ್ರ ಸಿಸ್ಟಮಲ್ಲೂ ಅದು ನಿಜವಾಗ್ಲೂ ಚೆನ್ನಾಗಿ ಕೇಳಿಸ್ಲಿಲ್ಲ, ಬಾಸ್ ಎಲ್ಲಾ ಕಲಸು ಮೇಲೋಗರ. ನಮ್ಮನೇಲಿ 5 ಇಂಚಿನ ವೂಫರ್ ಇರೋ ಚಿಕ್ಕ ಬುಕ್‌ಶೆಲ್ಫ್ ಸ್ಪೀಕರಲ್ಲೂ ಅದೇ ಕಥೆ, ಕಿಕ್ (ದೊಡ್ಡ ಡ್ರಮ್ಮಿನ ಏಟು) ಬಂದಾಗ 'ಧುಪ್' ಅನ್ನೋ ಬದ್ಲು 'ಗೂಂಂಂ' ಅನ್ನತ್ತೆ. ರೂಮ್ 10 ಅಡಿ 12 ಅಡಿ, ಸೋಫಾ ಹಿಂದಿನ ಗೋಡೆಗೆ ಅಂಟ್ಕೊಂಡಿದೆ. ಹಾಗಾದ್ರೆ ಅಂಕಲ್‌ಗಳು ಹೇಳಿದ್ದೇ ಸರಿನಾ, ಈ ಮ್ಯೂಸಿಕ್‌ಗೆ ಒಳ್ಳೇ ಸಿಸ್ಟಮ್ ದಂಡನಾ?

ಹಳೇ_ವಾಲ್ವ್:

ನಿಮ್ಮ ಮಾವನ ಕಡೆಯಿಂದ ಒಬ್ಬನಾದ್ರೂ ಮಾತಾಡ್ಲಿ, ನಾನೂ ಆ ಕೋಡುಬಳೆ ಗುಂಪಿನೋನೇ.

ಅವ್ರು ಕೇಳಿದ ಪ್ರಶ್ನೆ ಅವ್ರ ಸ್ವಂತದ್ದಲ್ಲ. 1973ರಲ್ಲಿ ಅಮೆರಿಕದಲ್ಲಿ ಹ್ಯಾರಿ ಪಿಯರ್ಸನ್ ಅನ್ನೋರು ದಿ ಆಬ್ಸಲ್ಯೂಟ್ ಸೌಂಡ್ ಅಂತ ಪತ್ರಿಕೆ ಶುರು ಮಾಡಿದ್ರು, ಆ ಹೆಸರೇ ಅವ್ರ ಸಿದ್ಧಾಂತ. ಮೈಕು ಸ್ಪೀಕರು ಇಲ್ದೆ, ನಿಜವಾದ ಜಾಗದಲ್ಲಿ, ನಿಜವಾದ ವಾದ್ಯ ಹೇಗೆ ಕೇಳತ್ತೋ ಅದೇ ಅಳತೆಗೋಲು, ಸಿಸ್ಟಮ್ಮು ಅದಕ್ಕೆ ಎಷ್ಟು ಹತ್ರ ಬರತ್ತೆ ಅಂತ ನೋಡೋದು. ನಾವೆಲ್ಲ ಸರ್ಕ್ಯುಲೇಟಿಂಗ್ ಲೈಬ್ರರಿಲಿ ಹಳೇ ಸಂಚಿಕೆ ಸಿಕ್ರೆ ಪಂಚಾಂಗ ಓದೋ ಹಾಗೆ ಓದ್ತಿದ್ವಿ. ಪಿಟೀಲು ಹೇಗೆ ಕೇಳತ್ತೆ ಅಂತ ನಂಗೊತ್ತು, ಸ್ಪೀಕರ್ ಸುಳ್ಳು ಹೇಳಿದ್ರೆ ಹಿಡೀತೀನಿ. ಸಿಂಥಸೈಸರು (ಸರ್ಕ್ಯೂಟಿಂದ ಸದ್ದು ಹುಟ್ಟಿಸೋ ವಾದ್ಯ) ಹೇಗೆ ಕೇಳ್ಬೇಕು ಅಂತ ಅದನ್ನ ತಿರುಗಿಸಿದೋನಿಗೆ ಮಾತ್ರ ಗೊತ್ತು. ಈ ವಾದದಲ್ಲಿ ಹುರುಳಿದೆ, ಸುಮ್ನೆ ಮೂಗು ಮುರಿಯೋದಲ್ಲ.

ಇನ್ನೊಂದು ದೂರೂ ಇದೆ, ಈಗಿನ ಡ್ಯಾನ್ಸ್ ಮ್ಯೂಸಿಕ್ ಸುಮಾರಷ್ಟನ್ನ ಎಷ್ಟು ಜೋರು ಮಾಡಿ ಕೊನೇ ಪ್ರತಿ ತಯಾರು ಮಾಡಿರ್ತಾರೆ ಅಂದ್ರೆ ವೇವ್‌ಫಾರ್ಮ್ (ಸದ್ದಿನ ಚಿತ್ರ) ನೋಡಿದ್ರೆ ಇಟ್ಟಿಗೆ ಜೋಡಿಸಿಟ್ಟ ಹಾಗಿರತ್ತೆ, ಏರಿಳಿತವೇ ಇಲ್ಲ, ಹತ್ತು ನಿಮಿಷಕ್ಕೆ ತಲೆನೋವು. ಸಿನಿಮಾ ಹಾಡೂ ಹಾಗೇ ಆಗಿದೆ, ಅದು ಬೇರೆ ಮಾತು.

ಆದ್ರೂ ನಮ್ಮೋರ ಬಗ್ಗೆ ಒಂದು ಸತ್ಯ ಹೇಳ್ಬೇಕು. ಹೊರದೇಶದ ಹೈಫೈ ಶೋಗಳಲ್ಲಿ ಸ್ವಿಟ್ಜರ್ಲೆಂಡಿನ ಯೆಲ್ಲೋ ಅನ್ನೋ ಜೋಡೀದು ಎಲೆಕ್ಟ್ರಾನಿಕ್ ಟ್ರ್ಯಾಕೇ ತುಂಬಾ ಹಾಕ್ತಾರೆ, ಬಾಸ್ ತೋರ್ಸೋಕೆ ಅದಕ್ಕಿಂತ ಒಳ್ಳೇದು ಬೇಡ ಅಂತ. ಅಂಗಡೀಲಿ ಅದನ್ನ ಕೇಳಿ ಸ್ಪೀಕರು ತಂದು ಮನೇಲಿ ಅದೇ ಡಬಲ್ ಬಾಸು (ಆಳುದ್ದದ ಪಿಟೀಲಿನಂಥ ವಾದ್ಯ), ಅದೇ ಪಿಸುಗುಡೋ ಹೆಂಗಸಿನ ದನಿ, ಮೂವತ್ತು ವರ್ಷದಿಂದ ಮೂರೇ ರೆಕಾರ್ಡು ಹಾಕೋದು ನಾವು.

ಸ್ಪೂಲ್_ಸೀನ:

ಲಕ್ಷಗಟ್ಟಲೆ ಸುರಿದು ಟೆಸ್ಟ್ ರೆಕಾರ್ಡಲ್ಲಿ ರೈಲು ಎಡಗಡೆಯಿಂದ ಬಲಗಡೆಗೆ ಹೋಗೋದನ್ನ ಕಣ್ಮುಚ್ಚಿ ಕೇಳೋ ಜನಕ್ಕೆ 'ಇದ್ರಲ್ಲಿ ವಾದ್ಯ ಇಲ್ಲ' ಅನ್ನೋ ದೂರು ಬೇರೆ 😂

ಪಿಎ_ಪುಟ್ಟ:

ನಾನು ಸೌಂಡ್ ಹಾಕೋನು, ಮದ್ವೆ ಛತ್ರ, ಗಣೇಶನ ಪೆಂಡಾಲು, ಕಂಪನಿ ಪಾರ್ಟಿ ಎಲ್ಲಾ ಆಗಿದೆ. ಇಲ್ಲಿ ತಪ್ಪು ಮ್ಯೂಸಿಕ್ಕದ್ದೂ ಅಲ್ಲ ಸ್ಪೀಕರಿಂದೂ ಅಲ್ಲ ಗುರು, ರೂಮಿಂದು.

ಲೆಕ್ಕ ನೋಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಅದನ್ನ ರೂಮ್ ಉದ್ದದ ಎರಡರಷ್ಟರಿಂದ ಭಾಗಿಸಿ. 12 ಅಡಿ ಅಂದ್ರೆ 3.66 ಮೀಟರು, ಬರೋದು 47 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 47 ಸಲ ಅದುರೋ ಸದ್ದು. 10 ಅಡಿ ಕಡೆಗೆ 56 ಹರ್ಟ್ಸ್. ಈ ಎರಡು ಸ್ವರ ನಿಮ್ ರೂಮಿಗೆ ಪ್ರಾಣ, ಕೊಟ್ರೆ ಹಿಡ್ಕೊಂಡು ಬಿಡೋದೇ ಇಲ್ಲ. ಈಗ ರೋಲ್ಯಾಂಡ್ ಟಿಆರ್-808 ತಗೊಳ್ಳಿ, 1980ರ ಡ್ರಮ್ ಮೆಷಿನ್ನು, ಇವತ್ತಿಗೂ ಅರ್ಧ ಪ್ರಪಂಚ ಅದ್ರ ಕಿಕ್ಕೇ ಬಳಸೋದು. ಆ ಕಿಕ್ ಇರೋದು ಸುಮಾರು 50 ಹರ್ಟ್ಸ್ ಹತ್ರ, ಸರಿಯಾಗಿ ನಿಮ್ಮ 47 ಮತ್ತು 56ರ ಮಧ್ಯ ಹೋಗಿ ಕೂರತ್ತೆ. ಗೋಡೆಗೆ ಒರಗಿ ಕೂತ್ರೆ ಗೂಂ ಅಂತ ಡಬಲ್ ಆಗಿ ಕೇಳತ್ತೆ, ರೂಮ್ ನಟ್ಟನಡುವೆ ಕೂತ್ರೆ ಮಾಯ.

ಈಗ ಅಂಕಲ್‌ಗಳ ವಿಷ್ಯ. ಪಿಟೀಲಿನ ಕೆಳಗಿನ ತಂತಿ ವೆಸ್ಟರ್ನ್ ಶ್ರುತಿಲಿ 196 ಹರ್ಟ್ಸ್, ನಮ್ಮೋರು ಇನ್ನೂ ಇಳಿಸಿ ಕಟ್ತಾರೆ ಅಂದ್ಕೊಂಡ್ರೂ 50ರ ಹತ್ರಕ್ಕೂ ಬರಲ್ಲ. ಗಂಡಸರ ದನಿ 100ರ ಆಸುಪಾಸು. ಡಬಲ್ ಬಾಸು 41ಕ್ಕೆ ಇಳಿಯತ್ತೆ ನಿಜ, ಆದ್ರೆ ಯಾವಾಗ್ಲೋ ಒಂದ್ಸಲ, ಮೆತ್ತಗೆ. ಅಂದ್ರೆ ಆ ರೂಮಿನ ರೋಗ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲ ಯಾಕಂದ್ರೆ ಅಲ್ಲಿ ಯಾರೂ ನಿಮಿಷಕ್ಕೆ 120 ಸಲ 50 ಹರ್ಟ್ಸ್ ಕುಟ್ಟೇ ಇಲ್ಲ. ನಿಮ್ಮ ಹಾಡು ಬಂತು, ಗುಟ್ಟು ರಟ್ಟಾಯ್ತು, ಬೈಗುಳ ಹಾಡಿಗೆ ಬಿತ್ತು.

ಹೋಲಿಸೋಕೆ ಏನಿದೆ ಅಂತ ಕೇಳಿದ್ರಲ್ಲ, ಸ್ಪೀಕರ್ ಮಾಡೋ ಇಂಜಿನಿಯರು ಅಳತೆ ತಗೊಳೋದು ಏನಿಂದ? ಆಸಿಲೇಟರ್ ಸೈನ್ ಟೋನಿಂದ, ಅಂದ್ರೆ ಯಂತ್ರ ಹುಟ್ಟಿಸೋ ಒಂದೇ ಶುದ್ಧ ಸ್ವರದಿಂದ. 808 ಕಿಕ್ ಅಂದ್ರೆ ಕುಗ್ಗುತ್ತಾ ಸಾಯೋ ಒಂದು ಸೈನ್ ಟೋನೇ, ಅದೂ ಪೂರ್ತಿ ಅನಲಾಗ್ ಸರ್ಕ್ಯೂಟಲ್ಲಿ ಹುಟ್ಟಿದ್ದು, ಅನಲಾಗ್ ಅಂದ್ರೆ ಕೈ ಮುಗಿಯೋ ನಿಮ್ಮ ಮಾವನಿಗೆ ಇದನ್ನೂ ಹೇಳಿ.

ಮಾಡ್ಬೇಕಾದ್ದು, ಸೋಫಾನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದಕ್ಕೆ ತನ್ನಿ, ಮನೆಯೋರು ಬೈತಾರೆ, ಬೈಸ್ಕೊಳ್ಳಿ. ಮೊಟ್ಟೆ ಟ್ರೇ ಅಂಟಿಸ್ಬೇಡಿ ದಯವಿಟ್ಟು, 50 ಹರ್ಟ್ಸ್ ಅಲೆ ಹತ್ತಿರತ್ತಿರ 7 ಮೀಟರ್ ಉದ್ದ, ಅದಕ್ಕೆ ನಿಮ್ ಮೊಟ್ಟೆ ಟ್ರೇ ಯಾವ ಲೆಕ್ಕ. ಪರದೆನೂ ಅಷ್ಟೇ. ಮೂಲೆಗೆ ದಪ್ಪಕ್ಕೆ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ತುಂಬಿದ್ರೆ ಸ್ವಲ್ಪ ತಗ್ಗತ್ತೆ. ರಾತ್ರಿ 10ರ ಮೇಲೆ ಬೇಡ, ಬಾಸ್ ಗೋಡೆ ದಾಟಿ ಪಕ್ಕದ ಮನೆ ಮಂಚಕ್ಕೇ ಹೋಗತ್ತೆ.

ಮಲ್ಲೇಶ್ವರದ_ವೈಣಿಕೆ:

ನಂಗೆ ಹೈಫೈ ಗೊತ್ತಿಲ್ಲ, ವೀಣೆ ಪಾಠ ಹೇಳ್ಕೊಡ್ತೀನಿ. 'ಮೈಕಿಲ್ಲದ ನಿಜವಾದ ವಾದ್ಯ' ಅಂತ ಓದಿ ನಗು ಬಂತು. ವೀಣೆ ಬರಿಗಿವಿಗೆ ಹೇಗೆ ಕೇಳತ್ತೆ ಅಂತ ಬೆಂಗಳೂರಲ್ಲಿ ಎಷ್ಟು ರಸಿಕರಿಗೆ ಗೊತ್ತಿದೆ? ಹತ್ತು ಅಡಿ ದೂರದಲ್ಲಿ ಕೂತ್ರೆ ಅರ್ಧ ಗಮಕ ಗಾಳಿಪಾಲು, ಅಷ್ಟು ಮೆತ್ತನೆ ವಾದ್ಯ ಅದು, ಅದಕ್ಕೇ ನಾವೆಲ್ಲ ಪಿಕಪ್ (ವಾದ್ಯಕ್ಕೇ ಅಂಟಿಸೋ ಪುಟ್ಟ ಮೈಕು) ಅಂಟಿಸ್ಕೊಂಡು ಕೂರೋದು. ರಾಮನವಮೀಲಿ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಲ್ಲಿ ಹಿಂದಿನ ಸಾಲಲ್ಲಿ ಕೂತು ಕೇಳೋದೆಲ್ಲ ಸ್ಪೀಕರ್ ಕೊಟ್ಟ ಸಂಗೀತ, ಬೆಳೆದಿದ್ದೇ ಅದನ್ನ ಕೇಳ್ಕೊಂಡು.

ಮತ್ತೆ ಕಛೇರೀಲಿ ಗಾಯಕರ ಹಿಂದೆ ಮೊದ್ಲಿಂದ ಕೊನೇವರ್ಗೂ ನಿಲ್ಲಿಸ್ದೆ ನುಡಿಯೋದು ಏನು? ಶ್ರುತಿಪೆಟ್ಟಿಗೆ. ತಂಬೂರಿ ಹಿಡಿಯೋ ಶಿಷ್ಯರು ಸಿಗ್ದೆ ಇರೋ ಕಾಲದಲ್ಲಿ ಅದು ಎಲೆಕ್ಟ್ರಾನಿಕ್ಕೇ ಆಗಿರತ್ತೆ, ನಮ್ಮ ಬೆಂಗಳೂರಿನ ರೇಡೆಲ್ ಕಂಪನೀದು ಎಷ್ಟು ಮನೇಲಿಲ್ಲ ಹೇಳಿ. ಮೂರು ಗಂಟೆ ಎಲೆಕ್ಟ್ರಾನಿಕ್ ಸದ್ದಿನ ಮೇಲೇ ತೋಡಿ ಕಟ್ಟಿದ್ನ ಕೇಳಿ ತಲೆದೂಗಿ ಬರೋರು ನಿಮ್ಮ ಮಾವ.

ಚರಣ್‌ಜಿತ್ ಸಿಂಗ್ ಅಂತ ಮುಂಬೈನ ಸಿನಿಮಾ ವಾದ್ಯಗಾರರು ಇದ್ರು, 1982ರಲ್ಲಿ ಇದೇ 808 ಮತ್ತೆ ಟಿಬಿ-303 ಅನ್ನೋ ಬಾಸ್ ಸಿಂಥಸೈಸರ್ ಇಟ್ಕೊಂಡು ಹತ್ತು ರಾಗಗಳ ಎಲ್ಪಿ ಮಾಡಿದ್ರು. ಆಗ ಯಾರೂ ಮೂಸಿ ನೋಡ್ಲಿಲ್ಲ, 2010ರಲ್ಲಿ ಮತ್ತೆ ಬಂದಾಗ ಷಿಕಾಗೋದ ಆಸಿಡ್ ಹೌಸ್ ಅನ್ನೋ ಡ್ಯಾನ್ಸ್ ಮ್ಯೂಸಿಕ್‌ಗಿಂತ ಮುಂಚೆನೇ ಇಂಥದ್ದು ಇತ್ತಾ ಅಂತ ಹೊರದೇಶದೋರು ಬೆಕ್ಕಸಬೆರಗಾದ್ರು. ಅದ್ರಲ್ಲಿ ಭೂಪಾಲಿ ಇದೆ, ಅಂದ್ರೆ ನಮ್ಮ ಮೋಹನ. 303 ಸ್ವರದಿಂದ ಸ್ವರಕ್ಕೆ ಜಾರತ್ತೆ ನೋಡಿ, ಗಮಕ ಅಂತ ಖಂಡಿತ ಹೇಳಲ್ಲ, ಆದ್ರೆ ಹಾರ್ಮೋನಿಯಂಗಿಂತ ಎಷ್ಟೋ ವಾಸಿ. ಮಾವನಿಗೆ ಹೆಸ್ರು ಹೇಳ್ದೆ ಅದನ್ನ ಹಾಕಿ.

ಹನುಮಂತನಗರ_ಹುಡ್ಗ:

ಎಲ್ರಿಗೂ ಥ್ಯಾಂಕ್ಸ್, ರಿಪೋರ್ಟ್ ಒಪ್ಪಿಸ್ತಿದೀನಿ.

ಸೋಫಾ ಎಳ್ದೆ, ಅಮ್ಮ 'ಹಾಲ್ ಮಧ್ಯ ಎಮ್ಮೆ ಮಲಗಿದ ಹಾಗಿದೆ' ಅಂದ್ರು, ಆದ್ರೆ ಕಿಕ್ಕು ಈಗ 'ಧುಪ್' ಅಂತಿದೆ! ಶನಿವಾರ ಮಾವ ಉಪ್ಪಿನಕಾಯಿ ಕೊಡೋಕೆ ಬಂದ್ರು, ಭೂಪಾಲಿ ಹಾಕ್ದೆ. ಎರಡು ನಿಮಿಷ ಸುಮ್ನಿದ್ದು 'ಮೋಹನ ಕಣೋ ಇದು' ಅಂದ್ರು, ಆಮೇಲೆ 'ಆ ತಾಳದ ಡಬ್ಬ ಒಂದು ತೆಗೆಸು' ಅಂದ್ರು. ಇಷ್ಟ ಏನೂ ಆಗ್ಲಿಲ್ಲ ಅನ್ಸತ್ತೆ.

ಆದ್ರೆ ಪುಟ್ಟಣ್ಣ, ನೀವು ಹೇಳಿದ 47 ಹರ್ಟ್ಸ್ ಟೋನ್ ಮೊಬೈಲಿಂದ ಸ್ಪೀಕರಿಗೆ ಹಾಕ್ದಾಗ ಮಾತ್ರ ಎದ್ದು ನಿಂತ್ರು. ಗೋಡೆ ಹತ್ರ ಹೋದ್ರು, ಗೂಂ. ಮಧ್ಯಕ್ಕೆ ಬಂದ್ರು, ಸದ್ದೇ ಇಲ್ಲ. ಲುಂಗಿ ಎತ್ತಿ ಕಟ್ಕೊಂಡು ಐದಾರು ಸಲ ಹಿಂದೆ ಮುಂದೆ ಓಡಾಡಿದ್ರು, ಒಂದ್ಸಲ ಬಗ್ಗಿ ಕಿವಿ ನೆಲಕ್ಕೂ ಕೊಟ್ಟು ನೋಡಿದ್ರು, ಹೊರಡುವಾಗ ನಮ್ಮನೆ ಅಳತೆ ಟೇಪ್ ಜೇಬಿಗೆ ಹಾಕ್ಕೊಂಡು ಹೋದ್ರು.

ಇವತ್ತು ಬೆಳಗ್ಗೆ ಅತ್ತೆ ಫೋನ್ ಮಾಡಿದ್ರು. ಬಂದಿರೋ ಅಷ್ಟೂ ಜನ ಸೇರ್ಕೊಂಡು ದಿವಾನ್ ಎತ್ತಿ ಎತ್ತಿ ಇಡ್ತಿದಾರೆ, ಒಂದೇ ಸದ್ದು ಅರ್ಧ ಗಂಟೆಯಿಂದ ಗೂಂಗುಡ್ತಿದೆ, ಮಾಡಿಟ್ಟ ಕಾಫಿ ಆರಿಹೋಯ್ತು, ಏನೋ ಹೇಳ್ಕೊಟ್ಟೆ ನೀನು ಅಂತ.